ದೊಡ್ಡಪ್ಪನ ಸ್ಕೂಟರು, ಅಪ್ಪನ ಮೆಕ್ಕೆಜೋಳ

ನನ್ನ ದೊಡ್ಡಪ್ಪನನ್ನು ನೀವು ಧಾರಾಳವಾಗಿ ಊಟಕ್ಕೆ ಕರೆಯಬಹುದು. ಆದರೆ ಅವನ ಕಣ್ಣಿಗೆ ನಿಮ್ಮ ಬೈಕು ಮಾತ್ರ ಬೀಳಬಾರದು! ಬಿದ್ದರೆ ಕೆಟ್ಟಿರಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾಗಿ ಹೊನ್ನಾಳಿಯಲ್ಲಿರುವ ಈ ಮಹಾಶಯನ ಕೈಚೀಲದಲ್ಲಿ ಸದಾ ಗೆರೆ ಹಾಕಿದ ಗಾಜಿನ ಜಾಡಿ ಇರುತ್ತದೆ. ನಿಮ್ಮ ಟ್ಯಾಂಕಿನಿಂದ ಪೆಟ್ರೋಲ್ ಇಳಿಸಿ, ಅದಕ್ಕೆ ಒಂದಿಷ್ಟು ನೀರು ಹಾಕಿ, ಕುಲುಕಿ, ತಳದಲ್ಲಿ ನೀರು ಹೆಚ್ಚಾದದ್ದನ್ನು ತೋರಿಸುತ್ತಾನೆ.

"ನೋಡು, ಎಥನಾಲು! ಪೆಟ್ರೋಲ್ ಬಿಟ್ಟು ನೀರಿನ ಜೊತಿಗೆ ಓಡಿಹೋತು!"

ಚನ್ನಗಿರಿಯಲ್ಲಿ ನಾನು ಕಟ್ಟಿಸಿದ ಮನೆಯ ಗೃಹಪ್ರವೇಶದ ದಿನ ಪೂಜೆಗೆ ಬಂದ ಅಯ್ನೋರ ಬೈಕನ್ನೂ ಬಿಡಲಿಲ್ಲ. ಅಯ್ನೋರು ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಿ ಕಿಟಕಿಯಲ್ಲಿ ಇಣುಕಿದರು. "ನಂದು ಎಷ್ಟು ಬಂತ್ರೀ?"

ಇಷ್ಟೆಲ್ಲ ಯಾಕೆ? ಅವನ ಹಳೆಯ ಸ್ಕೂಟರಿಗಾಗಿ. ಮೈಲೇಜು ಇಳಿಯಿತಂತೆ, ಏರು ಬಂದರೆ ಕೆಮ್ಮುತ್ತದಂತೆ, ಬೆಳಿಗ್ಗೆ ಹದಿನಾಲ್ಕು ಸಲ ಒದ್ದರೂ ಏಳುವುದಿಲ್ಲವಂತೆ. "ಅದಕ್ಕೂ ವಯಸ್ಸಾತು ದೊಡ್ಡಪ್ಪ" ಎಂದಿದ್ದಕ್ಕೆ ಮೂರು ದಿನ ನನ್ನ ಫೋನೇ ಎತ್ತಲಿಲ್ಲ! ಬಂಕಿಗೂ ಹೋಗಿ ಜಾಡಿ ಹಿಡಿದ. ಅಲ್ಲಿನ ಹುಡುಗಿ ನಗುತ್ತಾ, "ಅದು ಕಲಬೆರಕೆ ಅಲ್ರೀ ಅಜ್ಜಾರೇ, ನೂರಕ್ಕೆ ಇಪ್ಪತ್ತು ಎಥನಾಲ್ ಹಾಕಾಕೆ ಸರ್ಕಾರದ ನಿಯಮ ಐತೆ" ಎಂದಳು.

"ನಿಯಮ ಅಂದ್ರೆ ಎಂಜಿನ್ನಿಗೆ ಅರ್ಥ ಆಗ್ತೈತೇನಮ್ಮಾ?" ಎಂದು ಕೇಳಿ ಬಂದ.

ಕೊನೆಗೆ ಆರೋಪಿ ಸಿಕ್ಕಿಬಿದ್ದದ್ದು ಮನೆಯಲ್ಲೇ. ನನ್ನ ಅಪ್ಪ! ದೊಡ್ಡಪ್ಪನ ಒಡಹುಟ್ಟಿದ ತಮ್ಮ, ಜಗಳೂರಿನಲ್ಲಿ ಮೆಕ್ಕೆಜೋಳ ಬೆಳೆಯುವವನು. ಆ ಸಲದ ಜೋಳ ಎಥನಾಲ್ ಫ್ಯಾಕ್ಟರಿಗೆ ಹೋಯಿತೆಂದು ತಿಳಿದದ್ದೇ ತಡ, ದೊಡ್ಡಪ್ಪ ಫೋನು ಮಾಡಿದ.

"ಲೇ, ನನ್ನ ಗಾಡಿ ಕೆಡಸಾಕೆ ಬೆಳೆ ಬೆಳೀತೀಯೇನೋ?"

"ನಿನ್ನ ಗಾಡಿ ಸಲುವಾಗಿ ಹೊಲ ಪಾಳು ಬಿಡ್ಲೇನು? ಅದನ್ನ ಗುಜರಿಗೆ ಹಾಕು!"

ಗುಜರಿ! ಆಸ್ತಿ ಭಾಗವಾದಾಗ ಒಂದು ಕೆಟ್ಟ ಮಾತೂ ಆಡದ ಅಣ್ಣತಮ್ಮಂದಿರು ಪೆಟ್ರೋಲಿನ ಸಲುವಾಗಿ ಮಾತು ಬಿಟ್ಟರು.

ಹೀಗೆ ಐದು ತಿಂಗಳಾದ ಮೇಲೆ ನ್ಯಾಮತಿಯಲ್ಲಿ ನೆಂಟರ ಮದುವೆ ಬಂತು. ಜೋಳ ಒಣಹಾಕುವುದಿದೆ, ಬರುವುದಿಲ್ಲ ಎಂದ ಅಪ್ಪ. ನಾನು ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ದೊಡ್ಡಪ್ಪನ ಸ್ಕೂಟರಿನ ಹಿಂದೆ ಕೂತೆ. ನ್ಯಾಮತಿ ಇನ್ನೇನು ಬಂತು ಅನ್ನುವಾಗ ಅದು ನಿಂತೇಬಿಟ್ಟಿತು. ಬೆವರು ಸುರಿಸುತ್ತಾ ಮೆಕ್ಯಾನಿಕ್ ಅಂಗಡಿಗೆ ತಳ್ಳಿದೆವು. ದೊಡ್ಡಪ್ಪನ ಮುಖದಲ್ಲಿ ಗೆದ್ದ ಕಳೆ! "ಎಥನಾಲೇ. ಬರ್ದು ಕೊಡ್ತೀನಿ."

ಮೆಕ್ಯಾನಿಕ್ ಬಿಚ್ಚಿ ನೋಡಿದ. ರಬ್ಬರ್ ಪೈಪು ಉಬ್ಬಿ ಅಂಟಂಟಾಗಿತ್ತು, ಟ್ಯಾಂಕಿನ ತಳದಲ್ಲಿ ನೀರು.

"ಎಥನಾಲ್ ಹೌದ್ರೀ ಯಜಮಾನ್ರೇ. ಆದ್ರೆ ದಿನಾ ಓಡೋ ಗಾಡಿಗೆ ಇಷ್ಟು ಆಗಂಗಿಲ್ಲ. ನಿಂತ ಗಾಡಿಯಾಗೆ ಅದು ಗಾಳಿಯಾಗಿನ ತ್ಯಾವ ಎಳಕೊಂಡು ನೀರಾಗಿ ಕೂತ್ಕೊಂತೈತೆ. ಎಷ್ಟು ದಿನ ನಿಲ್ಸಿದ್ರಿ?"

ದೊಡ್ಡಪ್ಪ ಚಪ್ಪಲಿ ನೋಡಿಕೊಂಡ. "ಐದು ತಿಂಗಳು. ಇವತ್ತೇ ತೆಗ್ದಿದ್ದು."

"ಯಾಕ್ರೀ?"

"ಹೋಗಾಕೆ ಊರೇ ಇರ್ಲಿಲ್ಲಪ್ಪಾ."

ನನಗೆ ಆಗ ಹೊಳೆಯಿತು. ಜಗಳಕ್ಕೆ ಮೊದಲು ಈ ಸ್ಕೂಟರು ಪ್ರತಿ ತಿಂಗಳು ಜಗಳೂರಿಗೆ ಹೋಗಿ ಬರುತ್ತಿತ್ತು. ಬಸ್ಸಿದ್ದರೂ ದೊಡ್ಡಪ್ಪ ಬಸ್ಸು ಹತ್ತಿದವನಲ್ಲ.

ಪೈಪು ಬದಲಾಯಿತು, ಟ್ಯಾಂಕು ತೊಳೆದು ಹೊಸ ಪೆಟ್ರೋಲ್ ತುಂಬಿದ್ದಾಯಿತು. ಒಂದೇ ಒದೆತಕ್ಕೆ ಎದ್ದಿತು. ಕಲ್ಯಾಣ ಮಂಟಪ ಎಡಕ್ಕಿತ್ತು. ದೊಡ್ಡಪ್ಪ ಬಲಕ್ಕೆ ತಿರುಗಿಸಿದ.

"ದೊಡ್ಡಪ್ಪಾ, ಊಟ?"

"ಜಗಳೂರಾಗೆ ಅನ್ನ ಬೇಯಂಗಿಲ್ಲೇನು?"

ನಾವು ಮುಟ್ಟುವ ಹೊತ್ತಿಗೆ ನನ್ನ ಬೆನ್ನು ನನ್ನದಾಗಿ ಉಳಿದಿರಲಿಲ್ಲ. ಅಪ್ಪ ಅಂಗಳದ ತುಂಬ ಜೋಳ ಒಣಹಾಕಿ ಕೈಯಾಡಿಸುತ್ತಿದ್ದ. ಸ್ಕೂಟರು ನೋಡಿದ, ಅಣ್ಣನನ್ನು ನೋಡಿದ. ಆಮೇಲೆ ಅಪ್ಪ ಬಗ್ಗಿ, ಬೇವಿನ ನೆರಳಿನಲ್ಲಿದ್ದ ಜೋಳವನ್ನು ಎರಡೂ ಕೈಯಿಂದ ಬಾಚಿ ಬಾಚಿ ಸರಿಸಿ, ಒಂದು ಗಾಡಿ ನಿಲ್ಲುವಷ್ಟು ಜಾಗ ಮಾಡಿದ.

"ಬಿಸ್ಲಾಗೆ ನಿಲ್ಸಬ್ಯಾಡಣ್ಣಾ."