ಓಣಿಯ ಬಿಸಿಯೆಲ್ಲ ನೀಲಕ್ಕನ ಹಂಡೆಯಲ್ಲಿ

ಧಾರವಾಡದ ಆ ಓಣಿಗೆ ಕೊಳವೆಯ ಗ್ಯಾಸು ಬಂದ ದಿನದಿಂದ ರಾಚಪ್ಪನವರಿಗೆ ನೆಮ್ಮದಿಯಿಲ್ಲ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮನುಷ್ಯ. ಬಿಲ್ಲು ಬಂತೆಂದರೆ ಜಾತಕ ನೋಡುವವರ ಹಾಗೆ ಕನ್ನಡಕ ಏರಿಸಿ, ಮೀಟರಿನ ಹೊಸ ಅಂಕಿಯಿಂದ ಹಳೆಯ ಅಂಕಿ ಕಳೆದು, ಕಡೆಗೆ ಹೆಂಡತಿ ನೀಲಕ್ಕನ ಮುಖ ನೋಡುತ್ತಿದ್ದರು. ದೀಪಾವಳಿಗೆ ಎಂಟು ದಿನ ಇದ್ದಾಗ ಕಳ್ಳ ಸಿಕ್ಕ.

"ನೀಲಾ, ತಪ್ಪು ನಿನ್ನ ಒಲೀದಲ್ಲ. ರೂಪಾಯಿ ಗ್ಯಾಸಿನ್ಯಾಗ ಅಡಗಿ ತಿನ್ನೋದು ನಾಕಾಣೆ. ಹನ್ನೆರಡಾಣೆ ಸ್ನಾನದ ನೀರು ತಿಂತೈತಿ."

"ಹಂಗಾರ ಸ್ನಾನಾ ಬಿಡ್ರಿ," ಎಂದರು ನೀಲಕ್ಕ.

ನೀಲಕ್ಕನಿಗಿದ್ದದ್ದು ಬಿಲ್ಲಿನ ಚಿಂತೆಯಲ್ಲ, ನೀರಿನ ಚಿಂತೆ. ಮಗಳು ಸುವರ್ಣಾಳ ಮದುವೆಯ ಬೆಳಿಗ್ಗೆ ಕಲ್ಯಾಣ ಮಂಟಪದ ಬಾಯ್ಲರ್ ಕೈಕೊಟ್ಟು, ಕಲಬುರಗಿಯ ಬೀಗರೆಲ್ಲ ತಣ್ಣೀರಲ್ಲಿ ಮಿಂದು, ಹಲ್ಲು ಕಟಕಟಿಸುತ್ತಲೇ ಅಕ್ಕಿಕಾಳು ಹಾಕಿದ್ದರು. ಬೀಗತಿ ಕಾಶೀಬಾಯಿ ಅದನ್ನು ಮರೆತಿರಲಿಲ್ಲ. ಫೋನಿನಲ್ಲಿ ಯಾವ ಮಾತು ಎತ್ತಿದರೂ ಆ ತಣ್ಣೀರಿಗೇ ತಂದು ನಿಲ್ಲಿಸುತ್ತಿದ್ದರು. ಈಗ ಅಳಿಯ ಮಲ್ಲಿನಾಥ ಮೊದಲ ದೀಪಾವಳಿಗೆ ಬರುವವನಿದ್ದ. ಅವನ ಎಣ್ಣೆಸ್ನಾನಕ್ಕೆ ನೀರು ಸರಿಯಾಗಿರಬೇಕು. ಈ ಸಲವೂ ತಪ್ಪಿದರೆ ನೀಲಕ್ಕ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ.

ನೀರು ತುಂಬುವ ಹಬ್ಬದ ಸಂಜೆ ರಾಚಪ್ಪನವರು ಬಚ್ಚಲಿಗೆ ಎಲ್ಲರನ್ನೂ ಕರೆದರು. ಹಂಡೆಯ ಪಕ್ಕದಲ್ಲಿ ಒಂದು ಹಾಲಿನ ಕ್ಯಾನು, ಅದರ ನೆತ್ತಿಗೆ ಕೂಲರಿನ ಫ್ಯಾನು, ಸುತ್ತ ತಾಮ್ರದ ತಂತಿ, ಎದುರಿಗೆ ಅಂಗೈಯಗಲದ ಗಾಜಿನ ಕಣ್ಣು.

"ಇದರ ಹೆಸರು ಶಾಖಸಂಗ್ರಹ. ಮನ್ಯಾಗ ದಂಡ ಹೋಗೋ ಬಿಸಿ ಎಲ್ಲಾ ಎಳಕೊಂಡು ಹಂಡೇಕ ಹಾಕತೈತಿ. ಗ್ಯಾಸು ಬ್ಯಾಡ, ಕಟಗಿ ಬ್ಯಾಡ."

ಗುಂಡಿ ಒತ್ತಿದರು. ಯಂತ್ರ ಗೊರ್ ಎಂದಿತು. ಮಗಳ ಜೊತೆ ಮಧ್ಯಾಹ್ನವೇ ಬಂದಿಳಿದಿದ್ದ ಅಳಿಯ ಕೈಯಲ್ಲಿದ್ದ ಚಹಾ ಗುಟುಕರಿಸಿ, "ಮಾವಾರ, ಚಾ ಪೂರಾ ಆರೇತ್ರಿ," ಎಂದ. ಫ್ರಿಜ್ಜಿನ ಬೆನ್ನು, ಇಸ್ತ್ರಿಪೆಟ್ಟಿಗೆ, ಆಗಷ್ಟೇ ಇಳಿಸಿದ ಹೂರಣ ಎಲ್ಲವೂ ತಣ್ಣಗಾದವು. ಹಂಡೆ ಬೆಚ್ಚಗಾಯಿತು.

"ಬಾಜೂದವ್ರ ಬಿಸೀನೂ ಎಳದ್ರ?" ನೀಲಕ್ಕ ಕೇಳಿದರು.

"ಅದಕ್ಕ ಈ ಕಣ್ಣು. ನಮ್ಮ ನಾಕು ಗ್ವಾಡಿ ನೋಡಕೋತ ಇರತೈತಿ, ಗ್ವಾಡಿ ದಾಟೂದಿಲ್ಲ. ಭಾಳ ಮರ್ಯಾದಸ್ತ ಮಷೀನು."

ನೀಲಕ್ಕ ಹಂಡೆಯ ಕೊರಳಿಗೆ ಬಳ್ಳಿ ಕಟ್ಟಿ, ವಿಭೂತಿ ಎಳೆದು, ಪೂಜೆ ಮಾಡಿದರು. ರಾಚಪ್ಪನವರಿಗೆ ಸಂಕಟವಾಯಿತು. "ಕೆಲಸಾ ಮಾಡೋದು ಇದು. ಪೂಜಿ ಬರೇ ಹಂಡೇಕೇನು?"

ನೀಲಕ್ಕ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. ಹಣೆ ಎನ್ನಬಹುದಾದ ಜಾಗ ಒಂದೇ ಇತ್ತು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಗಾಜಿನ ಕಣ್ಣಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪಗೆ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟರು. ಮೂವತ್ತು ವರ್ಷ ವಿಜ್ಞಾನದ ಅನ್ನ ಉಂಡ ರಾಚಪ್ಪನವರು ಭಕ್ತಿಯಿಂದ ಕೈಮುಗಿದರು.

ನಸುಕಿನಲ್ಲಿ ನೋಡಿದರೆ ಹಂಡೆ ಕೊತಕೊತ ಕುದಿಯುತ್ತಿತ್ತು. ನೀಲಕ್ಕನಿಗೆ ಸಂತೋಷದಿಂದ ಎದೆ ತುಂಬಿ ಬಂತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿದರು. ಬೆರೆಸಲು ತಣ್ಣೀರು ಬೇಕೆಂದು ನಲ್ಲಿ ತಿರುಗಿಸಿದರೆ ಅದರಲ್ಲೂ ಉಗಿ. ಹಂಡೆಯಲ್ಲಿ ಹಿಡಿಸದ ಬಿಸಿಯನ್ನು ಯಂತ್ರ ಮಾಳಿಗೆಯ ಟಾಕಿಗೆ, ಕುಡಿಯುವ ಕೊಡಕ್ಕೆ, ದೇವರ ಮುಂದಿನ ತಂಬಿಗೆಗೆ ತುಂಬಿಟ್ಟಿತ್ತು. ಮನೆಯಲ್ಲಿ ಹೆಸರಿಗೊಂದು ಹನಿ ತಣ್ಣೀರಿರಲಿಲ್ಲ.

"ಆರಲಿ ತಗೋರಿ ಅತ್ತಿ, ಕಾಯ್ತೀನಿ," ಎಂದ ಅಳಿಯ. ಅರ್ಧ ತಾಸಾದರೂ ಆರಲಿಲ್ಲ. ಅವನ ಮೂಗಿನ ತುದಿಯಿಂದ ಎಣ್ಣೆ ಹನಿಯುತ್ತಿತ್ತು. ನೀಲಕ್ಕನ ಕಿವಿಯಲ್ಲಿ ಕಾಶೀಬಾಯಿಯ ದನಿ ಕೇಳತೊಡಗಿತು.

"ರಾಚಪ್ಪಾ, ಹೊರಗ ಬಾ."

ಎದುರು ಮನೆಯ ವಕೀಲ ದೇಶನೂರರು ನಡುಗುತ್ತ ನಿಂತಿದ್ದರು. ಸೊಂಟಕ್ಕೊಂದು ಟವೆಲ್ಲು, ಹೆಗಲಿಗೊಂದು ಟವೆಲ್ಲು, ಮೈತುಂಬ ಎಣ್ಣೆ. ಅವರ ಹಿಂದೆ ಇಡೀ ಓಣಿ ನಿಂತಿತ್ತು, ಅದೇ ಅವತಾರದಲ್ಲಿ.

"ನಸುಕಿನಿಂದ ನಮ್ಮ ಗೀಜರ್ ಉರಿಯಾಕತ್ತೈತಿ, ನೀರು ಬರ್ಫ. ಕೈ ಇಟ್ರ ಉರೀನೂ ತಣ್ಣಗ. ಉಗಿ ಏಳೋದು ನಿನ್ನ ಮನ್ಯಾಗ ಅಷ್ಟ. ಸಾಕ್ಷಿ ಬೇಕೇನು?" ವಕೀಲರು ಅಲ್ಲೇ ಒಂದು ಹೂಕುಂಡ ಹಚ್ಚಿ, ಸುರಿದ ಕಿಡಿಗಳನ್ನು ಬೊಗಸೆಯಲ್ಲಿ ಹಿಡಿದು, ಹೆಗಲಿನ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡರು. "ಇದನ್ನ ಕೋರ್ಟಿಗೆ ಹಾಜರ ಮಾಡತೀನಿ."

ರಾಚಪ್ಪನವರು ಬಚ್ಚಲಿಗೆ ಓಡಿದರು. ಯಂತ್ರದ ಗುಂಡಿ ಕೆಂಪಗೆ ಕಾದಿತ್ತು, ಯಂತ್ರಕ್ಕೆ ಕೈ ಹಚ್ಚುವಂತಿರಲಿಲ್ಲ. ಆಗ ಅವರ ದೃಷ್ಟಿ ವಿಭೂತಿಯ ಮೇಲೆ ಬಿತ್ತು.

"ನೀಲಾ, ಕಣ್ಣು ಮುಚ್ಚೀಯಲ್ಲ. ಗ್ವಾಡಿ ಕಾಣವಲ್ದು ಅದಕ್ಕ. ಓಣೀನ ತನ್ನ ಮನಿ ಅಂದಕೊಂಡೈತಿ."

"ಪೂಜಿ ಮಾಡು ಅಂದಾವ್ರು ಯಾರು?"

"ಹಚ್ಚೋದು ಎಲ್ಲಿ ಅಂತ ಕೇಳಬಾರದೇನು?"

"ನಿಮ್ಮ ಮಷೀನಿಗೆ ಹಣಿ ಎಲ್ಲೈತಿ ಅಂತ ನನಗೇನು ಗೊತ್ತು?"

ಜಗಳದ ನಡುವೆಯೇ ನೀಲಕ್ಕನಿಗೆ ಒಂದು ವಿಷಯ ಹೊಳೆಯಿತು. ತಮ್ಮಲ್ಲಿ ತಣ್ಣೀರಿಲ್ಲ, ಓಣಿಯಲ್ಲಿ ಬಿಸಿನೀರಿಲ್ಲ. ಸೆರಗು ಸಿಕ್ಕಿಸಿ ಬಾಗಿಲಿಗೆ ಬಂದರು. "ಎಲ್ಲಾರೂ ಒಂದೊಂದು ಬಕೀಟು ತಣ್ಣೀರು ತಗೊಂಡು ಬರ್ರಿ. ಸ್ನಾನಾ ಇಲ್ಲೇ."

ವಕೀಲರು ಮೊದಲು ಬಂದರು. "ನೀರು ನಂದು. ಮೊದಲ ಸ್ನಾನಾನೂ ನಂದ."

"ಮೊದಲ ನೀರು ಅಳಿಯಂದು."

"ಕಾಯಿದೆ ಪ್ರಕಾರ..."

"ವಕೀಲರ, ನನ್ನ ಮಗಳ ಮದುವ್ಯಾಗ ತಣ್ಣೀರಿನ್ಯಾಗ ನೀವೂ ಮಿಂದೀರಿ. ನೆನಪೈತೇನು?"

ವಕೀಲರಿಗೆ ನೆನಪಿತ್ತು, ಮೈಯೆಲ್ಲ ನೆನಪಿತ್ತು. ತಮಗೂ ಆರತಿ ಎತ್ತಬೇಕೆಂಬ ಷರತ್ತಿನ ಮೇಲೆ ಬಕೆಟ್ಟು ಬಿಟ್ಟುಕೊಟ್ಟರು. ಅಳಿಯನ ತಲೆಯ ಮೇಲೆ ಹದವಾದ ನೀರು ಬಿದ್ದಾಗ ಅವನು ಕಣ್ಣು ಮುಚ್ಚಿ "ಆಹಾ" ಎಂದ. ನೀಲಕ್ಕನಿಗೆ ಅಷ್ಟು ಸಾಕಾಗಿತ್ತು. ಆಮೇಲೆ ಓಣಿಯ ನಲವತ್ತೊಂದು ಮಂದಿ ಸಾಲಾಗಿ ಮಿಂದರು. ನಲವತ್ತೊಂದು ಮಂದಿಗೂ ನೀಲಕ್ಕ ಆರತಿ ಎತ್ತಿ ಉಂಡೆ ಕೊಟ್ಟರು.

ಅಷ್ಟು ಮಂದಿ ಮಿಂದ ಉಗಿ ಬಚ್ಚಲಲ್ಲಿ ತುಂಬಿ, ಗಾಜಿನ ಮೇಲೆ ಹನಿಗೂಡಿ, ವಿಭೂತಿಯನ್ನು ಮೆಲ್ಲಗೆ ಇಳಿಸಿಕೊಂಡು ಹೋಯಿತು. ಯಂತ್ರ ಕಣ್ಣು ಬಿಟ್ಟಿತು. ಗೋಡೆ ಕಂಡಿತು. ಊರ ಬಿಸಿಯೆಲ್ಲ ತನ್ನಲ್ಲಿರುವುದು ತಿಳಿದು, ಮರ್ಯಾದಸ್ತನ ಹಾಗೆ ಒಂದೇ ಉಸಿರಿಗೆ ಎಲ್ಲವನ್ನೂ ವಾಪಸು ಕೊಟ್ಟುಬಿಟ್ಟಿತು. ಓಣಿಯ ಚಹಾಗಳೆಲ್ಲ ಕಪ್ಪಿನಲ್ಲೇ ಕುದಿದವು. ಬಾಣಲೆಗಳ ಎಣ್ಣೆ ಚೊಂಯ್ ಎಂದಿತು. ಮಿಂದು ಕಟ್ಟೆಯ ಮೇಲೆ ಕುಳಿತು ಉಂಡೆ ತಿನ್ನುತ್ತಿದ್ದ ವಕೀಲರ ಹೆಗಲ ಮೇಲಿನ ಸಾಕ್ಷಿಗೂ ಅದರ ಬಿಸಿ ಮರಳಿ ಬಂತು. ಅವರು ಟವೆಲ್ಲು ಸಮೇತ ಪಕ್ಕದ ಮನೆಯ ಇಟಗಿ ಟೀಚರ ಬಕೆಟ್ಟಿನಲ್ಲಿ ಉಳಿದಿದ್ದ ತಣ್ಣೀರಿನಲ್ಲಿ ಕುಳಿತರು. ಮೊಕದ್ದಮೆ ಅಲ್ಲಿಗೆ ಮುಗಿಯಿತು.

ಶಾಖಸಂಗ್ರಹ ಒಂದು ಕೀಲೂ ಕೆಡದೆ ಉಳಿಯಿತು. ಆದರೆ ಮನೆಯ ಗ್ಯಾಸ್ ಮೀಟರು ಕಾವಿಗೆ ಕರಗಿ ಕಡುಬಿನ ಆಕಾರಕ್ಕೆ ಬಂದಿತ್ತು. ಅಂಕಿ ಓದಲಾಗದ್ದರಿಂದ ಆ ತಿಂಗಳು ಓಣಿಯ ಸರಾಸರಿಯನ್ನೇ ಅವರ ಬಿಲ್ಲಿಗೆ ಹಾಕಿದರು. ಓಣಿಯವರು ಆ ಒಂದೇ ಬೆಳಿಗ್ಗೆ ಮೂರು ತಿಂಗಳ ಗ್ಯಾಸು ಉರಿಸಿದ್ದರು. ರಾಚಪ್ಪನವರು ಕನ್ನಡಕ ಏರಿಸಿ ಬಿಲ್ಲು ನೋಡಿ, ಕನ್ನಡಕವನ್ನು ತೆಗೆದಿಟ್ಟರು.

ಅಷ್ಟರಲ್ಲಿ ಕಲಬುರಗಿಯಿಂದ ಫೋನು ಬಂತು. ನೀಲಕ್ಕ ಎತ್ತಿದರು.

"ಮಗಾ ಎಲ್ಲಾ ಹೇಳ್ದ," ಎಂದರು ಕಾಶೀಬಾಯಿ. "ನೀರು ಭಾಳ ಚಲೋ ಇತ್ತಂತ."

ನೀಲಕ್ಕನ ಕಣ್ಣು ತುಂಬಿತು.

"ನಮಗೂ ಗ್ಯಾಸಿನ ಬಿಲ್ಲು ಜಾಸ್ತಿ ಬರ್ಲಿಕತ್ತದ. ಆ ಮಷೀನು ಒಂದು ಕಳಸ್ರಿ," ಎಂದು ಬೀಗತಿ ದನಿ ತಗ್ಗಿಸಿದರು. "ವಿಭೂತಿ ಹಚ್ಚೇ ಕಳಸ್ರಿ."