ಮಾಜಿ ಸೈನಿಕರ ಪತ್ನಿ, ಪ್ರಥಮ ಬಿ.ಎ.

ನನ್ನ ಗಂಡ ಇಪ್ಪತ್ತೆರಡು ವರ್ಷ ದೇಶ ಕಾದು ಹವಾಲ್ದಾರ್ ಆಗಿ ನಿವೃತ್ತರಾಗಿ ಶ್ರೀನಿವಾಸಪುರದ ಮನೆಗೆ ಬಂದರು. ಅವರು ಬಂದು ಹದಿನೈದು ದಿನಕ್ಕೆಲ್ಲ, ದೇಶ ಇವರನ್ನು ಇನ್ನೂ ಸ್ವಲ್ಪ ವರ್ಷ ಇಟ್ಟುಕೊಳ್ಳಬಹುದಾಗಿತ್ತು ಎಂದು ನನಗೆ ಅನ್ನಿಸತೊಡಗಿತು.

(ತಪ್ಪು ತಿಳಿಯಬೇಡಿ. ನನ್ನ ಗಂಡ ಕದಿರೇಶ್ ಒಳ್ಳೆಯವರು. ಕುಡಿಯುವುದಿಲ್ಲ, ಇಸ್ಪೀಟಾಡುವುದಿಲ್ಲ, ಹೊರಗೆ ತಿರುಗುವುದೂ ಇಲ್ಲ. ನನ್ನ ಕಷ್ಟ ಆ ಮೂರನೆಯದು.)

ಇಪ್ಪತ್ತು ವರ್ಷ ನಾನು ಅವರನ್ನು ರಜೆಯಲ್ಲಿ ಮಾತ್ರ ನೋಡಿದವಳು. ಮದುವೆಯಾದದ್ದೂ ರಜೆಯಲ್ಲೇ. ಉಳಿದ ಕಾಲವೆಲ್ಲ ಮನೆ, ಅತ್ತೆ, ಮಗಳು ದಿವ್ಯ, ಒಂದೂವರೆ ಎಕರೆ ಮಾವಿನ ತೋಪು ಎಲ್ಲಕ್ಕೂ ನಾನೇ ಕಮಾಂಡರ್. ಈಗ ಒಂದೇ ಮನೆಗೆ ಇಬ್ಬರು ಕಮಾಂಡರ್ ಆದೆವು. ಅವರು ಸೇನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ಮೊದಲ ವಾರವೇ ಅವರ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು.

"ಗಂಗಾ, ಇಲ್ಲಿ ಒಂದು ಸಿಸ್ಟಮ್ಮೇ ಇಲ್ವಲ್ಲೇ! ಧನಿಯಾ ಒಂದು ಮೂಲೆ, ಮೆಣಸು ಒಂದು ಮೂಲೆ. ನಾಳೆ ನೀನಿಲ್ದೇ ಇದ್ರೆ ಇನ್ನೊಬ್ರು ಬಂದು ಹೆಂಗೆ ಹುಡುಕ್ತಾರೆ?"

"ನಾನಿಲ್ದೇ ಎಲ್ಲಿಗೆ ಹೋಗ್ತೀನಿ? ಇನ್ನೊಬ್ರು ಯಾಕೆ ಬರ್ತಾರೆ?" ಎಂದೆ.

ಸಂಜೆಯೊಳಗೆ ಡಬ್ಬಿಗಳೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ನಿಂತುಬಿಟ್ಟಿದ್ದವು. ಒಂದೇ ಬಣ್ಣದ ಡಬ್ಬಿ, ಒಂದೇ ಅಳತೆಯ ಚೀಟಿ. 'ಸ' ಅಕ್ಷರದ ಸಾಲಿನಲ್ಲಿ ಸಕ್ಕರೆ, ಸಾಸಿವೆ, ಸೋಪಿನಪುಡಿ ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ನನ್ನ ಅತ್ತೆ ಶಾಮಲಮ್ಮನವರಿಗೆ ಚೀಟಿ ಓದುವಷ್ಟು ಕಣ್ಣು ಕಾಣುವುದಿಲ್ಲ. ಮಾರನೇ ದಿನ ಬೆಳಗ್ಗೆ ತಮ್ಮ ಕಾಫಿಗೆ ತಾವೇ ಎರಡು ಚಮಚ ಹಾಕಿಕೊಂಡು ಕಲಕಿದರು. ನೊರೆ ಬಂತು. ಫಿಲ್ಟರ್ ಕಾಫಿ ಅಂದರೆ ಹೀಗಿರಬೇಕು ಎಂದು ಸಂತೋಷಪಟ್ಟು ಒಂದು ಗುಟುಕು ಕುಡಿದರು.

"ಓರಿ ದೇವುಡಾ!" ಎಂದು ಅವರು ಕೂಗಿದ್ದು ಮಾವಿನ ಮಂಡಿಯವರೆಗೂ ಕೇಳಿಸಿರಬೇಕು. "ಲೇ ಕದಿರಾ! ಪಾಕಿಸ್ತಾನದೋರು ಬಿಟ್ರು, ನೀನು ನನ್ನ ಬಿಡಲ್ವೇನ್ಲಾ?"

ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಸುಸ್ತಾದ ಅತ್ತೆ ಜಗುಲಿಯ ಮೇಲೆ ಕೂತು ನನ್ನನ್ನು ಕರೆದು ಪಿಸುಗುಟ್ಟಿದರು. "ಗಂಗಾ, ಏನಾದ್ರೂ ಮಾಡಿ ಅವನ್ನ ಬೆಳಗಿಂದ ಸಾಯಂಕಾಲದ ತನಕ ಎಲ್ಲಿಗಾದ್ರೂ ಕಳಿಸಮ್ಮ."

ಎಲ್ಲಿಗೆ ಕಳಿಸುವುದು? ಮಾಲೂರಿನ ಕಡೆ ಫ್ಯಾಕ್ಟರಿಗಳಲ್ಲಿ ಸೆಕ್ಯುರಿಟಿ ಕೆಲಸವಿತ್ತು. ಅವರ ಜೊತೆಯಲ್ಲಿ ನಿವೃತ್ತರಾದ ಮೂವರು ಆಗಲೇ ಅಲ್ಲಿ ಸೇರಿದ್ದರು. ಇವರು ಒಂದು ದಿನ ಹೋಗಿ ನೋಡಿಕೊಂಡು ಬಂದವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಏನಾಯ್ತು ರೀ?"

"ಏನಿಲ್ಲ. ಬರೋ ಕಾರಿಗೆಲ್ಲ ಗೇಟ್ ತೆಗೀಬೇಕು. ಒಳಗಡೆ ಸ್ಟೋರ್ ನೋಡ್ಕೊಳ್ಳೋ ಕೆಲಸಾನೂ ಇತ್ತು. ನಾನು ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಅದೇ. ಆದ್ರೆ ಡಿಗ್ರಿ ಬೇಕಂತೆ. ನನ್ನ ಪಿಯುಸಿ ಗೇಟ್ ತನಕ ಮಾತ್ರ ಬರುತ್ತೆ ಅಂದ್ರು."

ಅದನ್ನು ಕೇಳಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ನನಗೊಂದು ದಿವ್ಯಜ್ಞಾನವಾಯಿತು. ಇವರನ್ನು ಕಾಲೇಜಿಗೆ ಸೇರಿಸಿದರೆ ಹೇಗೆ? ಮೂರು ವರ್ಷ! ವಾರಕ್ಕೆ ಆರು ದಿನ! ಬೆಳಗ್ಗೆ ಎಂಟರ ಬಸ್ಸಿಗೆ ಕೋಲಾರಕ್ಕೆ ಹೋದರೆ ಸಾಯಂಕಾಲ ಬರುತ್ತಾರೆ. ಅವರಿಗೆ ಡಿಗ್ರಿ, ನನಗೆ ಅಡುಗೆಮನೆ, ಅತ್ತೆಗೆ ಸಕ್ಕರೆ ಹಾಕಿದ ಕಾಫಿ.

ದಿವ್ಯ ಓದುತ್ತಿದ್ದ ಕಾಲೇಜು ಕೋಲಾರದ ಒಂದು ಟ್ರಸ್ಟಿನದು. ಅವರು ಪ್ರತಿ ವರ್ಷ ಸೈನಿಕ ಕುಟುಂಬಗಳಿಗೆಂದು ಐದು ಉಚಿತ ಸೀಟು ಇಟ್ಟಿದ್ದರು. ಅವಳು ಅದೇ ಸೀಟಿನಲ್ಲಿ ಸೇರಿ ಎರಡನೇ ವರ್ಷಕ್ಕೆ ಬಂದಿದ್ದಳು. ಆದರೆ ನಿಯಮದ ಪ್ರಕಾರ ಸೀಟು ಸೈನಿಕರ ಮಕ್ಕಳಿಗೆ ಮಾತ್ರ, ಸೈನಿಕರಿಗೇ ಇಲ್ಲ! ಟ್ರಸ್ಟಿನವರು ಸೈನಿಕ ಕುಟುಂಬಗಳ ಸಭೆ ಕರೆದಿದ್ದಾರೆ, ಸಲಹೆ ಕೇಳುತ್ತಾರೆ ಎಂದು ದಿವ್ಯ ಹೇಳಿದ್ದೇ ತಡ, ಗಂಡನನ್ನು ಎಳೆದುಕೊಂಡು ಹೊರಟೆ.

"ನನಗ್ಯಾಕೆ ಈ ವಯಸ್ಸಲ್ಲಿ ಕಾಲೇಜು?" ಎಂದು ಇವರು ಬಸ್ಸಿನಲ್ಲಿ ತಗಾದೆ ತೆಗೆದರು. "ಅದೂ ಅಲ್ದೆ ನಾನಿನ್ನೂ ರಿಸರ್ವಲ್ಲಿದೀನಿ. ಎರಡು ವರ್ಷ ಯಾವಾಗ ಬೇಕಾದ್ರೂ ಕರೆ ಬರಬಹುದು. ಪರೀಕ್ಷೆ ಮಧ್ಯೆ ಕರೆದ್ರೆ?"

"ಅದನ್ನೂ ಕೇಳ್ತೀನಿ, ಸುಮ್ನಿರಿ."

ಸಭೆಯಲ್ಲಿ ಟ್ರಸ್ಟಿನ ಪರವಾಗಿ ಕೂತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ಮೇಜರ್ ಮೇಡಂ. ಬಿಳಿ ಕ್ರಾಪು, ನೇರ ಬೆನ್ನು. ಅವರನ್ನು ಕಂಡದ್ದೇ ತಡ ನನ್ನ ಗಂಡ ಕುರ್ಚಿಯಲ್ಲೇ ಅಟೆನ್ಷನ್ ಆದರು. ಯಾರೂ ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ. ನಾನೇ ಎದ್ದೆ.

"ಮೇಡಂ, ನಮಸ್ಕಾರ. ಹದಿನೆಂಟು ವರ್ಷಕ್ಕೆ, ಹತ್ತೊಂಬತ್ತು ವರ್ಷಕ್ಕೆ ಪುಸ್ತಕ ಕೆಳಗಿಟ್ಟು ಬಂದೂಕು ತಗೊಂಡೋರು ಇವರು. ಓದೋ ವಯಸ್ಸನ್ನ ಅಲ್ಲಿ ಕೊಟ್ರು. ವಾಪಸ್ ಬಂದ್ರೆ ಡಿಗ್ರಿ ಎಲ್ಲಿ ಅಂತಾರೆ. ಇಡೀ ದೇಶದ ಗೇಟ್ ಕಾದೋರು ಈಗ ಒಂದು ಫ್ಯಾಕ್ಟರಿ ಗೇಟ್ ಕಾಯ್ತಾವ್ರೆ. ಮಕ್ಕಳಿಗೆ ಸೀಟ್ ಕೊಡ್ತೀರ, ಸಂತೋಷ. ಇವರಿಗೂ ಕೊಡಿ. ರಿಸರ್ವಲ್ಲಿ ಇರೋರನ್ನ ಮಧ್ಯೆ ಕರೆಸ್ಕೊಂಡ್ರೆ ಅವರ ವರ್ಷ ಹಾಳಾಗ್ಬಾರ್ದು, ವಾಪಸ್ ಬರೋ ತನಕ ಸೀಟ್ ಹಂಗೇ ಇರ್ಬೇಕು."

ಚಪ್ಪಾಳೆ ಬಿತ್ತು. ಚಪ್ಪಾಳೆ ಒಂದು ಕೆಟ್ಟ ಪದಾರ್ಥ. ಸಾಕು ಅನ್ನುವಲ್ಲಿ ನಿಲ್ಲಿಸಲು ಬಿಡುವುದಿಲ್ಲ.

"ಇನ್ನೊಂದು ಮೇಡಂ. ಮನೇಲಿ ಇದ್ಕೊಂಡು ಎಲ್ಲಾ ನಿಭಾಯಿಸಿದ ಹೆಂಗಸ್ರೂ ಓದು ಬಿಟ್ಟೋರೇ. ಅವರಿಗೂ ಕೊಡಿ. (ಇದನ್ನು ನಾನು ಸುಮ್ಮನೆ ಹೆಂಗಸರ ಚಪ್ಪಾಳೆಗಾಗಿ ಹೇಳಿದ್ದು.) ಆದ್ರೆ ಆಗ್ಲೇ ಡಿಗ್ರಿ ಇರೋರಿಗೆ, ಡಿಗ್ರಿಗೆ ಸಮ ಅನ್ನೋ ಸರ್ಟಿಫಿಕೇಟ್ ಇರೋರಿಗೆ ಮಾತ್ರ ಬೇಡ. ಇಲ್ದೋರಿಗೆ ಸಿಗ್ಲಿ!"

ಈ ಕೊನೆಯ ಷರತ್ತು ಹಾಕಿದ್ದಕ್ಕೂ ಕಾರಣವಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಮಾಜಿ ಸೈನಿಕರು, ಆಗಲೇ ಒಂದು ಡಿಗ್ರಿ ಮುಗಿಸಿದ್ದ ಒಬ್ಬರು, ಡಿಗ್ರಿಗೆ ಸಮ ಅನ್ನುವ ಸರ್ಟಿಫಿಕೇಟ್ ಇದೆ ಎಂದು ಹೇಳಿಕೊಳ್ಳುತ್ತಿದ್ದ ಇನ್ನೊಬ್ಬರು, ಆಸೆಯಿಂದ ತಲೆಯಾಡಿಸುತ್ತಿದ್ದರು. ಐದು ಸೀಟಿಗೆ ಪೈಪೋಟಿ ಯಾಕೆ ಎಂದು ನನ್ನ ಮುಂದಾಲೋಚನೆ.

ಮೇಡಂ ಎಲ್ಲವನ್ನೂ ಬರೆದುಕೊಂಡರು. "ನಿಯಮ ಬದಲಾಯಿಸಿದ್ರೆ ಯಾರಾದ್ರೂ ಬರ್ತೀರೇನಮ್ಮ? ಖಾಲಿ ಬಿದ್ರೆ ನಾನು ಟ್ರಸ್ಟಿಗೆ ಉತ್ತರ ಹೇಳ್ಬೇಕು."

"ನಮ್ಮ ಮನೆಯಿಂದ ಒಬ್ರು ಬಂದೇ ಬರ್ತಾರೆ ಮೇಡಂ. ಇದು ನನ್ನ ಮಾತು!" ಎಂದು ಎಲ್ಲರೆದುರು ಎದೆ ಮುಟ್ಟಿಕೊಂಡೆ.

ಮೂರು ವಾರಕ್ಕೆ ನಿಯಮ ಬದಲಾಯಿತು. ನಾನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಸೇರಿಸಿದ್ದರು. ನನ್ನ ಸಂಭ್ರಮ ಹೇಳತೀರದು. ಇವರಿಗೆ ಎರಡು ಹೊಸ ಷರಟು ಹೊಲಿಸಿದೆ. ಊಟದ ಡಬ್ಬಿ ತಂದೆ. ದಾಖಲೆಗಳಲ್ಲಿ ಯಾವುದು ಬೇಕೋ ಯಾವುದು ಬೇಡವೋ ಎಂದು ಅವರ ಟ್ರಂಕು ಬಗ್ಗಿಸಿ ತಳದಲ್ಲಿದ್ದ ಕಾಗದವನ್ನೂ ಬಿಡದೆ ಒಂದು ಫೈಲಿಗೆ ತುಂಬಿದೆ.

"ಇಷ್ಟೆಲ್ಲ ಯಾಕೇ?" ಎಂದರು ಇವರು.

"ಒಂದು ಕಾಗದ ಇಲ್ಲ ಅಂತ ವಾಪಸ್ ಕಳಿಸ್ಬಾರ್ದು. ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

ಅಡ್ಮಿಷನ್ ದಿನ ಮೇಡಂ ಫೈಲು ಬಿಚ್ಚಿ ಒಂದೊಂದೇ ಹಾಳೆ ತಿರುವಿದರು. ಅರ್ಧದಲ್ಲಿ ಅವರ ಕೈ ನಿಂತಿತು. ಆ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದು ನನ್ನ ಗಂಡನನ್ನು ನೋಡಿದರು.

"ಹವಾಲ್ದಾರ್, ಈ ಸರ್ಟಿಫಿಕೇಟ್ ಏನು ಅಂತ ಗೊತ್ತಾ?"

"ಬಿಡುಗಡೆ ಆಗುವಾಗ ಕೊಟ್ಟ ಹತ್ತು ಕಾಗದದಲ್ಲಿ ಅದೂ ಒಂದು ಮೇಡಂ."

"ನಿಮ್ಮ ಸರ್ವೀಸು, ನೀವು ಸೇನೆಯಲ್ಲಿ ಪಾಸು ಮಾಡಿದ ಪರೀಕ್ಷೆ ಎರಡೂ ಸೇರಿ ಇದು ಪದವಿಗೆ ಸಮ ಅಂತ ಇದರಲ್ಲಿದೆ. ಕೆಲವು ಕೆಲಸಗಳಿಗೆ ನೀವು ಪದವೀಧರರೇ. ಇದನ್ನ ಡಿಗ್ರಿ ಎಲ್ಲಿ ಅಂತ ಕೇಳಿದ ಫ್ಯಾಕ್ಟರಿಯವರಿಗೆ ತೋರಿಸಿದ್ರಾ?"

"ಇಲ್ಲ ಮೇಡಂ. ಟ್ರಂಕಲ್ಲಿತ್ತು."

"ತೋರಿಸಿ, ಕೇಳಿ ನೋಡಿ. ಆದ್ರೆ ನಮ್ಮ ಸೀಟು ನಿಮಗೆ ಸಿಗಲ್ಲ. ಸಮಾನ ಸರ್ಟಿಫಿಕೇಟ್ ಇರೋರಿಗೆ ಬೇಡ ಅಂತ ನಿಮ್ಮ ಮನೆಯವರೇ ನಿಯಮ ಹಾಕಿಸಿದ್ದಾರಲ್ಲ."

ನನ್ನ ಗಂಡನ ಮುಖ ನೋಡಬೇಕಿತ್ತು. ತಾವು ಪದವೀಧರರೆಂಬ ಸುದ್ದಿ ಅವರ ಬೆನ್ನುಮೂಳೆಯನ್ನು ಇನ್ನೂ ಒಂದು ಅಂಗುಲ ಉದ್ದ ಮಾಡಿತು. "ಕೇಳಿಸ್ತೇನೇ? ಪದವೀಧರ!" ಎಂದರು. ನಾನು ಕುರ್ಚಿಯಲ್ಲಿ ಕುಸಿದೆ. ಎರಡು ಷರಟು, ಊಟದ ಡಬ್ಬಿ, ಮೂರು ವರ್ಷದ ನೆಮ್ಮದಿ, ಎಲ್ಲಾ ನೀರಿಗೆ ಹೋಯಿತು.

"ಹಾಗಾದ್ರೆ ನಿಮ್ಮ ಮನೆಯ ಸೀಟು?" ಎಂದರು ಮೇಡಂ. "ನೀವು ಎಷ್ಟು ಓದಿದೀರಮ್ಮ?"

"ಪಿಯುಸಿ ಸೆಕೆಂಡ್ ಕ್ಲಾಸ್," ಎಂದೆ ಅನ್ಯಮನಸ್ಕಳಾಗಿ.

"ಯಾಕೆ ಮುಂದೆ ಓದಲಿಲ್ಲ?"

ಈ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದುದರಿಂದ ಉತ್ತರವೂ ತಯಾರಿರಲಿಲ್ಲ. "ಬಿ.ಎ.ಗೆ ಅರ್ಜಿ ತುಂಬಿಸಿದ್ದೆ ಮೇಡಂ. ಇವರಿಗೆ ಇಪ್ಪತ್ತೆಂಟು ದಿನ ರಜೆ ಇತ್ತು. ಅಷ್ಟರಲ್ಲೇ ಹುಡುಗಿ ನೋಡಿ ಮದುವೆ ಮುಗಿಸ್ಬೇಕಿತ್ತು. ಅರ್ಜಿ ಕೊಡೋ ಕೊನೇ ದಿನವೇ ನಮ್ಮ ಧಾರೆ ಆಯ್ತು." ನಗುನಗುತ್ತಲೇ ಹೇಳಿದೆ. ಪತ್ನಿ ಪದವಿ ಸಿಕ್ಕಿದ ದಿನವೇ ಬಿ.ಎ. ಪದವಿ ಕೈತಪ್ಪಿದ್ದು ನನಗೂ ಅಷ್ಟಾಗಿ ನೆನಪಿರಲಿಲ್ಲ.

ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. "ಇದನ್ನ ನೀನು ನನಗೆ ಹೇಳ್ಲೇ ಇಲ್ವಲ್ಲೇ?"

"ಹೇಳೋಷ್ಟರಲ್ಲಿ ನಿಮ್ಮ ರಜೆ ಮುಗೀತು."

ಅವರು ಮೇಡಂ ಮುಂದಿದ್ದ ಅರ್ಜಿಯನ್ನು ಎಳೆದುಕೊಂಡು ತಮ್ಮ ಹೆಸರಿಗೆ ಒಂದು ಗೆರೆ ಎಳೆದರು. ಅದರ ಮೇಲೆ ಗುಂಡು ಅಕ್ಷರದಲ್ಲಿ 'ಗಂಗಾಲಕ್ಷ್ಮಿ' ಎಂದು ಬರೆದರು. 'ಪೋಷಕರು' ಎಂಬಲ್ಲಿ ತಮ್ಮ ಹೆಸರು ಬರೆದು, ಮುಂದೆ ಬ್ರಾಕೆಟ್ಟಿನಲ್ಲಿ 'ಪದವೀಧರ' ಎಂದು ಸೇರಿಸಿದರು.

"ರೀ, ನನಗೆ ಬೇಡ ರೀ! ಮನೆ ಯಾರು ನೋಡ್ಕೋತಾರೆ? ಅತ್ತೆ?"

"ನಾನಿದೀನಿ."

"ಅದೇ ನನ್ನ ಭಯ!"

"ಎಲ್ಲರೆದುರು ಮಾತು ಕೊಟ್ಟಿದೀರಮ್ಮ," ಎಂದರು ಮೇಡಂ, ಮೊಹರು ಒತ್ತುತ್ತಾ.

ಮನೆಗೆ ಬಂದು ವಿಷಯ ಹೇಳಿದಾಗ ದಿವ್ಯ ಅಳುವುದೊಂದು ಬಾಕಿ. "ಅಮ್ಮಾ, ನಾನಲ್ಲಿ ಸೆಕೆಂಡ್ ಇಯರ್! ನೀನು ಫಸ್ಟ್ ಇಯರ್ ಅಂದ್ರೆ ನಾನು ನಿನಗೆ ಸೀನಿಯರ್. ಕಾಲೇಜಲ್ಲಿ ನನ್ನ ಪುಟ್ಟಿ ಅಂತ ಕರೆದ್ಯೋ ನೋಡು!"

"ಆಯ್ತು ಅಕ್ಕಾ," ಎಂದೆ.

ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಬೈದರು. "ಅವನ್ನ ಕಳಿಸಮ್ಮ ಅಂದ್ರೆ ನೀನು ಹೊಂಟು ನಿಂತ್ಯಲ್ಲ! ಇನ್ನು ನನ್ನ ಗತಿ ಏನಮ್ಮ?"

ಅತ್ತೆಯ ಗತಿ ಅಂಥ ಕೆಟ್ಟದ್ದೇನೂ ಆಗಲಿಲ್ಲ. ಆ ಕಾಗದ ಹಿಡಿದು ಫ್ಯಾಕ್ಟರಿಗೆ ಹೋದ ಇವರಿಗೆ ಸ್ಟೋರಿನ ಕೆಲಸವೇ ಸಿಕ್ಕಿತು, ಮಧ್ಯಾಹ್ನದ ಪಾಳಿ. ಬೆಳಗಿನ ಅಡುಗೆ ಮುಗಿಸಿ, ತಾಯಿಗೆ ಬಡಿಸಿಟ್ಟು ಹೊರಡುತ್ತಾರೆ. ಸೋಪಿನಪುಡಿಯನ್ನು 'ಬ' ಸಾಲಿಗೆ, ಬಟ್ಟೆ ಒಗೆಯುವ ಪುಡಿ ಎಂದು ವರ್ಗಾಯಿಸಿದ್ದಾರೆ. (ಈಗ ಅದರ ಪಕ್ಕದಲ್ಲಿ ಬೆಲ್ಲ ಇದೆ. ಅತ್ತೆ ಹೋಳಿಗೆ ಕೇಳುವುದನ್ನೇ ಬಿಟ್ಟಿದ್ದಾರೆ.)

ಕಷ್ಟವಾದದ್ದು ನನಗೆ. ಮೂವತ್ತೆಂಟು ವರ್ಷದ ನಾನು ಹದಿನೆಂಟರ ಹುಡುಗಿಯರ ಮಧ್ಯೆ ಮೂರನೇ ಬೆಂಚಿನಲ್ಲಿ ಕೂತೆ. ಮೊದಲ ವಾರ ಅವರೆಲ್ಲ ನನ್ನನ್ನು ಲೆಕ್ಚರರ್ ಎಂದುಕೊಂಡು ಎದ್ದು ನಿಂತರು. ಎರಡನೇ ವಾರ ಆಂಟಿ ಎಂದರು. ಮೂರನೇ ವಾರದಿಂದ ಒಬ್ಬೊಬ್ಬಳೇ ತನ್ನ ಕಷ್ಟ ಸುಖ ಹೇಳತೊಡಗಿದಳು. ಹೋಳೂರಿನ ಒಬ್ಬಳಿಗೆ ಹಾಸ್ಟೆಲ್ ಊಟ ಒಗ್ಗದು, ಲಕ್ಕೂರಿನವಳಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಕೇಳಿದ ಮೇಲೆ ಬುದ್ಧಿ ಹೇಳದೆ ಇರಲಾಗುತ್ತದೆಯೇ? ಗಂಡು ನೋಡುತ್ತಿದ್ದವಳಿಗಂತೂ, "ಮೊದಲು ಅರ್ಜಿ ಕೊಡು, ಆಮೇಲೆ ಧಾರೆ" ಎಂದು ಇತಿಹಾಸದ ಪೀರಿಯಡ್ಡಿನ ತುಂಬ ಹೇಳಿದೆ.

ಅಕ್ಟೋಬರಿನಲ್ಲಿ ಪೋಷಕರ ಸಭೆ ಇಟ್ಟರು. ನನ್ನ ಗಂಡ ಇಸ್ತ್ರಿ ಮಾಡಿದ ಷರಟು (ನಾನು ಹೊಲಿಸಿದ್ದೇ) ಹಾಕಿಕೊಂಡು, ಮೆಡಲ್ ಬೇಡ ಎಂದು ದಿವ್ಯ ಗೋಗರೆದದ್ದರಿಂದ ಮೆಡಲ್ ಬಿಟ್ಟು ಬಂದರು. ಪೋಷಕರು ಕುರ್ಚಿಯ ಮೇಲೆ, ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು. ಅವರ ಬಲಕ್ಕೆ ಮಗಳು, ಎಡಕ್ಕೆ ನಾನು.

ಇತಿಹಾಸದ ಲೆಕ್ಚರರಿಗೆ ನನ್ನ ಅರ್ಧ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಪಾಪ, ಬೆವರುತ್ತಿದ್ದರು.

"ದಿವ್ಯ ವಿಷಯದಲ್ಲಿ ಏನೂ ತೊಂದ್ರೆ ಇಲ್ಲ ಸಾರ್. ಗಂಗಾಲಕ್ಷ್ಮಿಯವರು... ಓದೋದ್ರಲ್ಲಿ ಚೆನ್ನಾಗಿದಾರೆ, ಕ್ಲಾಸಿಗೇ ಎರಡನೆಯವರು. ಆದ್ರೆ... ಹೇಗೆ ಹೇಳೋದು..."

"ಧೈರ್ಯವಾಗಿ ಹೇಳಿ ಸಾರ್," ಎಂದರು ನನ್ನ ಗಂಡ.

"ಕ್ಲಾಸಲ್ಲಿ ತುಂಬಾ ಮಾತಾಡ್ತಾರೆ ಸಾರ್. ಅವರು ಶುರು ಮಾಡಿದ್ರೆ ನನ್ನ ಪಾಠ ಯಾರೂ ಕೇಳಲ್ಲ. ಸುಮ್ನಿರಿ ಅಂದ್ರೆ, ಒಂದೇ ನಿಮಿಷ ಇರಪ್ಪ ಅಂತಾರೆ."

ದಿವ್ಯ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಕುಣಿಯುತ್ತಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಗಂಡ ಮಾತ್ರ ನಿಧಾನವಾಗಿ ಎದ್ದು ನಿಂತು ಲೆಕ್ಚರರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಸಾರ್, ಇಪ್ಪತ್ತು ವರ್ಷದಿಂದ ನಾನೊಬ್ನೇ ಹೇಳ್ತಿದ್ದೆ. ಯಾರೂ ನಂಬಿರಲಿಲ್ಲ. ದಯವಿಟ್ಟು ಈಗ ಹೇಳಿದ್ದನ್ನೇ ಒಂದು ಹಾಳೇಲಿ ಬರೆದು, ಕಾಲೇಜಿನ ಸೀಲು ಹಾಕಿ ಕೊಟ್ಬಿಡಿ."

ಲೆಕ್ಚರರು ಕೊಟ್ಟರು. ಸೀಲನ್ನು ಎರಡು ಕಡೆ ಹಾಕಿ ಕೊಟ್ಟರು.