ಸೊಳ್ಳೆಯಿಂದ ಭೀಮರಾಯನ ಮುಖ ಕಾಪಾಡಿದ್ದು

ಬೇವಿನ ಸೊಪ್ಪಿನ ಹೊಗೆ ಹಾಕಲು ಬಿ.ಎಸ್ಸಿ. ಪದವಿ ಬೇಕಿಲ್ಲ. ನನ್ನ ಬಳಿ ಅದೂ ಇತ್ತು. ಅನಾಹುತಕ್ಕೆ ಅದೇ ಮೂಲ.

ಗೆಳೆಯ ಭೀಮರಾಯ ಮರುದಿನ ಬೆಳಿಗ್ಗೆ ಸುರಪುರಕ್ಕೆ ಕನ್ಯೆ ನೋಡಲು ಹೋಗುವವನಿದ್ದ. ಮೂರು ಕಡೆ ಬೇಡವೆನಿಸಿಕೊಂಡ ಮೇಲೆ ಒದಗಿದ ನಾಲ್ಕನೆಯ ಅವಕಾಶ. ಗೆಲುವನ್ನು ಮುಂಗಡವಾಗಿಯೇ ಆಚರಿಸೋಣವೆಂದು ಹಿಂದಿನ ಸಂಜೆ ಶಹಾಪುರದ ಹೊರಗೆ, ಕಾಲುವೆ ದಂಡೆಯ ಮೇಲಿರುವ ಚಾಂದಸಾಬರ ಹೋಟೆಲಿಗೆ ಹೋದೆವು. ಅಲ್ಲಿಯ ಬಿಸಿ ಜೋಳದ ರೊಟ್ಟಿ, ಕೆಂಪು ಕೋಳಿ ಸಾರು ಉಂಡವನು ಮುಂದಿನ ಎರಡು ದಿನ ಮನೆಯ ಊಟವನ್ನು ಬೈಯುತ್ತಾನೆ.

ಆಲದ ಮರದ ಕೆಳಗಿನ ಮೇಜು ನಮ್ಮ ಖಾಯಂ ಜಾಗ. ಈ ಸಲ ಕೊಂಬೆಯಲ್ಲಿ ಹೊಸ ಗಿರಾಕಿಗಳಿದ್ದರು. ಮೊರದಗಲದ ಹೆಜ್ಜೇನಿನ ಗೂಡು!

"ಏನ್ ಚಾಚಾ ಇದು?"

"ಮಾಸ್ತರ್ ಸಾಬ್, ಇವು ಬಂದ ಮ್ಯಾಲೇ ಹೋಟ್ಲಿಗೆ ಬರ್ಕತ್ ಬಂದದ, ಗಲ್ಲಾ ತುಂಬ್ಲಿಕತ್ತದ ನೋಡ್ರಿ. ಜೇನು ಬಿಡಿಸೋರು ಬಂದಿದ್ರು, ಬೈದು ಕಳಿಸೀನಿ. ಮನಿಮಂದಿ ಇದ್ದಂಗ ಅದಾವ, ಯಾರಿಗೂ ಏನೂ ಮಾಡಂಗಿಲ್ಲ."

ಮನೆಮಂದಿ ಯಾರಿಗೂ ಏನೂ ಮಾಡುವುದಿಲ್ಲ ಎಂದು ನಂಬುವ ಮನುಷ್ಯನ ಮಾತನ್ನು ನಾವೂ ನಂಬಿದೆವು!

ರೊಟ್ಟಿ ಬಂತು. ಹಿಂದೆಯೇ ಸೊಳ್ಳೆಗಳೂ ಬಂದವು. ಕಾಲುವೆ ನೀರು ಹರಿದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ನಮ್ಮಲ್ಲಿ ಅಕ್ಕಿಗಿಂತ ಸೊಳ್ಳೆಯ ಇಳುವರಿ ಹೆಚ್ಚು. ಒಂದು ಸೊಳ್ಳೆ ಭೀಮರಾಯನ ಕೆನ್ನೆಯ ಮೇಲೆ ಕುಳಿತಿತು. ಅವನು ಚೀರಿದ. ಅದೇನು ಸಾಮಾನ್ಯ ಕೆನ್ನೆಯೆ? ಮಧ್ಯಾಹ್ನವೆಲ್ಲ ಸಲೂನಿನಲ್ಲಿ ಏನೇನೋ ಬಳಿಸಿಕೊಂಡು, ಉಗಿ ಹಿಡಿಸಿಕೊಂಡು ಬಂದ ಕೆನ್ನೆ!

"ಲೇ, ನಾಳಿಗೆ ಮುಖದ ಮ್ಯಾಲ ಒಂದ್ ಗುಳ್ಳಿ ಎದ್ರೂ ನನ್ನ ಕಥಿ ಮುಗೀತು. ಏನರ ಮಾಡಲೇ! ಸೈನ್ಸ್ ಮಾಸ್ತರ್ ಅದಿ!"

"ಬೇವಿನ ಸೊಪ್ಪಿನ ಹೊಗಿ ಹಾಕಿದ್ರ ಆತು."

"ಮ್ಯಾಲ ಜೇನು ಅದಾವಲ್ಲಲೇ?"

"ಹೊತ್ತು ಮುಳುಗಿದ ಮ್ಯಾಲ ಜೇನು ಹಾರಂಗಿಲ್ಲ. ಎಂಟನೇ ಕ್ಲಾಸಿನ ಹುಡುಗ್ರಿಗೂ ಗೊತ್ತದ."

ಅವರಿಗೆ ಹಾಗೆ ಕಲಿಸಿದವನು ನಾನೇ.

ಚಾಂದಸಾಬರು ಒಲೆಯಿಂದ ಕೆಂಡ ತಂದುಕೊಟ್ಟರು. ದಂಡೆಯ ಬೇವಿನ ಮರದಿಂದ ಕಿತ್ತ ಹಸಿ ಸೊಪ್ಪನ್ನು ನಾನು ಧಾರಾಳವಾಗಿ ಸುರಿದೆ. ಹೊಗೆ ನೆಟ್ಟಗೆ ಮೇಲೆದ್ದಿತು. ಸೊಳ್ಳೆಗಳು ಓಡಿದವು. "ಶಾಬ್ಬಾಸ್!" ಎಂದ ಭೀಮರಾಯ. ನಾನು ಕಾಲರ್ ಸರಿಪಡಿಸಿಕೊಂಡು ಕೋಳಿಯ ಕಾಲಿಗೆ ಕೈ ಹಾಕಿದೆ.

ಮೇಲೆ ಲಾರಿ ಚಾಲೂ ಆದಂಥ ಸದ್ದು. ಮರದ ಮೇಲೆ ಲಾರಿ ಹೇಗೆ ಎಂದು ನನ್ನ ವೈಜ್ಞಾನಿಕ ಬುದ್ಧಿ ವಿಚಾರ ಮಾಡುತ್ತಿರುವಾಗಲೇ ಆ ಕಪ್ಪು ಗೂಡು ಪರದೆಯಂತೆ ಜಾರಿ ನಮ್ಮ ಮೇಲೆ ಬಿತ್ತು. ಕಣ್ಣು ಮುಚ್ಚಿದರೆ ಇಂದಿಗೂ ಅದು ಜಾರುತ್ತದೆ.

ಎಲ್ಲರಿಗಿಂತ ಮೊದಲು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡವರು ಚಾಂದಸಾಬರು.

"ಚಾಚಾ, ಬಾಗಿಲಾ ತಗೀರಿ!"

"ನಿಮಗ ತಗದ್ರ ಅವಕ್ಕೂ ತಗದಂಗ ಆಗ್ತದಲ್ರಿ, ಮಾಸ್ತರ್!"

ತಿರುಗಿ ನೋಡಿದರೆ ಭೀಮರಾಯ ಕಾಲುವೆಯತ್ತ ಓಡುತ್ತಿದ್ದ. ಕಾಲುವೆ ತುಂಬಿ ಹರಿಯುತ್ತಿತ್ತು. ಅವನಿಗೆ ಈಜು ಬರುವುದಿಲ್ಲ! ದಂಡೆಯ ತುದಿಯಲ್ಲಿ ಅವನ ಬೆಲ್ಟು ಹಿಡಿದೆ.

"ಬಿಡಲೇ! ಸಾಯ್ತೀನಿ!"

"ಬಿಟ್ರ ಸಾಯ್ತಿ!"

ಈ ಚರ್ಚೆ ನಡೆದಷ್ಟು ಹೊತ್ತು ಜೇನುಗಳು ನಮ್ಮನ್ನು ನಿರಾಳವಾಗಿ ಕಡಿದವು. ಕೊನೆಗೆ ಅಲ್ಲೇ ನಿಂತಿದ್ದ ಟ್ರ್ಯಾಕ್ಟರಿನ ಟ್ರಾಲಿಗೆ ಅವನನ್ನು ಎಳೆದು ಹಾಕಿ, ಮೈಮೇಲೆ ತಾಡಪತ್ರಿ ಎಳೆದುಕೊಂಡು, ಭತ್ತದ ಚೀಲಗಳ ನಡುವೆ ಇಬ್ಬರೂ ಉಸಿರು ಬಿಗಿಹಿಡಿದು ಬಿದ್ದುಕೊಂಡೆವು. ಭೀಮರಾಯ ಒಮ್ಮೆ ಮಾತ್ರ ಪಿಸುಗುಟ್ಟಿದ: "ಹೊತ್ತು ಮುಳುಗಿಲ್ಲೇನಲೇ ಇನ್ನಾ?"

ಆಸ್ಪತ್ರೆಯಲ್ಲಿ ಚಿಮಟದಿಂದ ಮುಳ್ಳು ಕೀಳುತ್ತ ಡಾಕ್ಟರು, "ಇನ್ನೊಂದಿಷ್ಟು ಕಡಿದಿದ್ರ ಜೀವಾನೇ ಹೋಗ್ತಿತ್ತು" ಎಂದರು. ಭೀಮರಾಯನಿಗೆ ಚಿಂತೆ ಬೇರೆಯೇ: "ಡಾಕ್ಟ್ರೇ, ಮುಂಜಾನಿ ತನಕ ಬಾವು ಇಳೀತದೇನ್ರಿ?"

ಇಳಿಯಲಿಲ್ಲ. ಬೆಳಿಗ್ಗೆ ಅವನ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಇನ್ನೊಂದು ಅರ್ಧ ತೆರೆದಿತ್ತು. ಸೊಳ್ಳೆ ಕಚ್ಚಿದ ಗುಳ್ಳೆ ಮಾತ್ರ ಎಲ್ಲೂ ಕಾಣಲಿಲ್ಲ! ಹೋಗುವುದೇ ಬೇಡ ಎಂದವನಿಗೆ ಅವನ ತಾಯಿ, "ಮುಖ ನೆಟ್ಟಗಿದ್ದಾಗ ಯಾರ್ ಒಪ್ಪಿದ್ರು? ನಡೀ ಸುಮ್ನ" ಎಂದರು.

ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಸುರಪುರದಲ್ಲಿ ಚಹಾ ತಂದ ಹುಡುಗಿ ಬೆಚ್ಚಿಬಿದ್ದು ಏನಾಯಿತೆಂದು ಕೇಳಿದಳು. ಭೀಮರಾಯ ಸೊಳ್ಳೆಯಿಂದ ತಾಡಪತ್ರಿಯವರೆಗೆ, ಸಲೂನನ್ನೂ ಬಿಡದೆ, ಎಲ್ಲವನ್ನೂ ಹೇಳಿಬಿಟ್ಟ.

"ಹೊಗಿ ಹಾಕಿದವ್ರು ಯಾರ್ರಿ?"

ಅವನ ಊದಿದ ಬೆರಳು ಒಂದು ಕ್ಷಣವೂ ತಡವರಿಸದೆ ನನ್ನತ್ತ ತಿರುಗಿತು. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ತಂದೆ ಹೊರಗೆ ಬಂದರು.

"ಹುಡುಗಿ ಒಪ್ಯಾಳ್ರಿ. ಮುಖ ನಾಕ್ ದಿನಕ್ಕ ಇಳೀತದ, ಮಂದಿ ಮುಂದ ನಿಜ ಹೇಳೋ ಗುಣ ಇಳಿಯಂಗಿಲ್ಲ ಅಂದ್ಲು. ಆದ್ರ..." ನನ್ನತ್ತ ನೋಡಿ ಕೆಮ್ಮಿದರು. "ಲಗ್ನದಾಗ ಇವ್ರನ್ನ ಒಲಿ ಕಡಿ ಬಿಡಬ್ಯಾಡ್ರಿ ಅಂದಾಳ."

ಮದುವೆಯಲ್ಲಿ ನನಗೆ ಒಲೆಯಿಂದ ಬಹುದೂರ, ಮುಂದಿನ ಸಾಲಿನಲ್ಲೇ ಗೌರವದಿಂದ ಜಾಗ ಕೊಟ್ಟಿದ್ದರು. ಅಕ್ಷತೆ ಹಿಡಿದು ಎದ್ದು ನಿಂತೆ. ಅಷ್ಟರಲ್ಲಿ ಶಹನಾಯಿಯವನು 'ಗುಂಯ್' ಎಂದು ಶ್ರುತಿ ಹಿಡಿದ.

ಮದುವೆಯ ಫೋಟೋದಲ್ಲಿ ವಧೂವರರು ಚೆನ್ನಾಗಿ ಬಂದಿದ್ದಾರೆ. ನಾನೂ ಬಂದಿದ್ದೇನೆ. ಜಮಖಾನೆಯ ಕೆಳಗಿನಿಂದ ಹೊರಗೆ ಚಾಚಿದ ಎರಡು ಕಾಲುಗಳು ನನ್ನವೇ!